ಹನ್ನೊಂದು ಆಟದ ಸರದಾರ

ಕಾವಾಸಾಕಿಯ ಮಿನಾಸೆ ಎಲೆಕ್ಟ್ರಿಕ್ ಕಂಪನಿಯ ವಸತಿ ಕಟ್ಟಡದಲ್ಲಿ ಬೇಕಾದರೆ ಆನೆಯನ್ನು ಬಚ್ಚಿಡಬಹುದು, ಒಂದು ಖಾಲಿ ರಟ್ಟಿನ ಪೆಟ್ಟಿಗೆಯನ್ನು ಬಿಸಾಡುವುದು ಮಾತ್ರ ಸಾಧ್ಯವಿಲ್ಲ. ಈ ಪರಮಸತ್ಯ ಕುರೋಗಿ ಯಾಸುಮಾಸನಿಗೆ ಹೊಳೆದದ್ದು ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ, 1996ರ ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ, ಪೈಜಾಮದಲ್ಲಿ ನಿಂತಿದ್ದಾಗ. ಪೆಟ್ಟಿಗೆ ಎದುರಿಗೇ ಇತ್ತು. ಅದರ ನಾಲ್ಕೂ ಮಗ್ಗುಲಲ್ಲಿ ಎದುರಾಳಿ ಕಂಪನಿಯ ಹೆಸರು ಅಂಗೈ ಅಗಲದ ಅಕ್ಷರಗಳಲ್ಲಿ ಹಲ್ಲು ಕಿರಿಯುತ್ತಿತ್ತು.

ಮಿನಾಸೆ ಕಂಪನಿ ನಲವತ್ತು ವರ್ಷ ಅನ್ನದ ಕುಕ್ಕರ್ ಮಾಡಿಕೊಂಡು ಮರ್ಯಾದೆಯಿಂದ ಬಾಳಿತ್ತು. ಯಾರ ದೃಷ್ಟಿ ತಾಗಿತೋ, ಒಂದೂವರೆ ವರ್ಷದ ಹಿಂದೆ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಯಂತ್ರ ಮಾಡಲು ಹೊರಟಿತು. ಅದಕ್ಕೆ 'ಮಿನಾಮಾರು' ಎಂದು ನಾಮಕರಣವೂ ಆಯಿತು. ಯಂತ್ರವೇನೋ ಗಟ್ಟಿಮುಟ್ಟು, ಮೂರನೇ ಮಹಡಿಯಿಂದ ಬಿದ್ದರೂ ಕೆಡುತ್ತಿರಲಿಲ್ಲ (ಒಬ್ಬ ಗಿರಾಕಿ ಎಸೆದು ನೋಡಿ, ಕೆಡಲಿಲ್ಲವೆಂದು ದೂರು ಬರೆದಿದ್ದ). ತೊಂದರೆ ಒಂದೇ: ಅದರಲ್ಲಿ ಆಡಲು ಆಟ ಇರಲಿಲ್ಲ.

ಇರಲಿಲ್ಲ ಎಂದರೆ ಸುಳ್ಳಾದೀತು, ಹನ್ನೊಂದು ಇದ್ದವು. ಹನ್ನೊಂದರಲ್ಲಿ ನಾಲ್ಕು ಮಾಜಾಂಗ್ ಎಂಬ ಬಿಲ್ಲೆಯಾಟ. ನಾಲ್ಕನೆಯದು ಮೊದಲನೆಯದೇ, ಹೊದಿಕೆಯ ಬಣ್ಣ ಮಾತ್ರ ಬೇರೆ. ಕುದುರೆ ರೇಸಿನ ಆಟವೊಂದಿತ್ತು. ಅದರಲ್ಲಿ ಕುದುರೆ ಕಾಣಿಸುತ್ತಿರಲಿಲ್ಲ, ಫಲಿತಾಂಶ ಮಾತ್ರ ಅಚ್ಚುಕಟ್ಟಾದ ಪಟ್ಟಿಯಾಗಿ ಬರುತ್ತಿತ್ತು. ಡ್ರೈವಿಂಗ್ ಲೈಸೆನ್ಸಿನ ಲಿಖಿತ ಪರೀಕ್ಷೆಗೆ ಅಭ್ಯಾಸ ಮಾಡಿಸುವ ಆಟವೂ ಇತ್ತು: ತೊಂಬತ್ತು ಪ್ರಶ್ನೆಗೂ ಸರಿಯುತ್ತರ ಕೊಟ್ಟರೆ 'ಇನ್ನು ನಿಜವಾದ ಪರೀಕ್ಷೆಗೆ ಹೋಗಿ' ಎಂದು ಹೇಳಿ ಯಂತ್ರ ತಾನೇ ಆರಿಹೋಗುತ್ತಿತ್ತು. ಮಕ್ಕಳಿಗೆಂದು ಇದ್ದದ್ದು 'ಧೀರ ಬದನೆಕಾಯಿ' ಒಂದೇ. ಆ ಧೀರ ಮೂರನೇ ಸೇತುವೆಯ ಹತ್ತಿರ ಸಿಕ್ಕಿಹಾಕಿಕೊಂಡನೆಂದರೆ ಮುಗಿಯಿತು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಅದನ್ನು ಬರೆದ ಪುಟ್ಟ ಕಂಪನಿಯೂ ಅಷ್ಟರಲ್ಲಿ ಅದೇ ಸ್ಥಿತಿಗೆ ಬಂದಿದ್ದರಿಂದ ಸರಿಪಡಿಸುವವರು ಯಾರೂ ಉಳಿದಿರಲಿಲ್ಲ.

ಈ ಹನ್ನೊಂದು ರತ್ನಗಳನ್ನು ಆರಿಸಿ ತಂದ ಪುಣ್ಯಾತ್ಮ ಬೇರೆ ಯಾರೂ ಅಲ್ಲ, ನಮ್ಮ ಕುರೋಗಿಯೇ. ಮಿಠಾಯಿ ಡಬ್ಬಿ ಹಿಡಿದು ಆಟ ತಯಾರಿಸುವವರ ಆಫೀಸುಗಳಿಗೆ ಹೋಗಿ, ಸೊಂಟ ಮಡಿಸಿ ನಮಸ್ಕರಿಸಿ, 'ನಮ್ಮ ಯಂತ್ರಕ್ಕೂ ಒಂದು ಆಟ ಮಾಡಿಕೊಡಿ' ಎಂದು ಬೇಡುವುದು ಅವನ ಉದ್ಯೋಗ. ನಲವತ್ತು ಆಫೀಸುಗಳಲ್ಲಿ 'ಒಳ್ಳೆಯ ಮನಸ್ಸಿನಿಂದ ಪರಿಶೀಲಿಸುತ್ತೇವೆ' ಎಂದಿದ್ದರು. ಹಾಗೆಂದರೆ 'ಚಪ್ಪಲಿ ಬಾಗಿಲ ಹತ್ತಿರ ಇದೆ' ಎಂದರ್ಥವೆಂದು ಜಪಾನಿನಲ್ಲಿ ಎಳೆಮಗುವಿಗೂ ಗೊತ್ತು. ಕುರೋಗಿ ಮಾತ್ರ ನಲವತ್ತು ಸಲವೂ ಡೈರಿಯಲ್ಲಿ 'ಬಹುತೇಕ ಖಚಿತ' ಎಂದು ಬರೆದುಕೊಂಡ.

ಹೆತ್ತವರಿಗೆ ಹೆಗ್ಗಣ ಮುದ್ದು. ತನ್ನ ಹನ್ನೊಂದರ ಮೇಲೆ ಅವನಿಗೆ ಪಂಚಪ್ರಾಣ. ಪ್ರತಿ ತಿಂಗಳ ಎರಡನೇ ಶನಿವಾರ ಕಟ್ಟಡದ ಕೆಳಗಿನ ಸಭೆಯ ಕೋಣೆಯಲ್ಲಿ 'ಮಿನಾಮಾರು ಸಂಜೆ' ನಡೆಸುತ್ತಿದ್ದ. ಇಪ್ಪತ್ನಾಲ್ಕು ಮನೆಯವರೂ ಚಾಪೆಯ ಮೇಲೆ ಸಾಲಾಗಿ ಮಂಡಿಯೂರಿ ಕೂತು, ಬದನೆಕಾಯಿ ಸೇತುವೆಯವರೆಗೆ ಹೋಗಿ ನಿಲ್ಲುವುದನ್ನು ನೋಡಿ, ಚಪ್ಪಾಳೆ ತಟ್ಟಿ, ಅಕ್ಕಿ ಬಿಸ್ಕತ್ತು ತಿಂದು ಎದ್ದು ಹೋಗುತ್ತಿದ್ದರು. ಒಬ್ಬರೂ ತಪ್ಪಿಸುತ್ತಿರಲಿಲ್ಲ. ಜನಕ್ಕೆ ಇಷ್ಟೊಂದು ಪ್ರೀತಿಯಿದೆಯಲ್ಲ ಎಂದು ಕುರೋಗಿಯ ಎದೆ ತುಂಬಿ ಬರುತ್ತಿತ್ತು.

ಎದುರಾಳಿ ಕಂಪನಿಯ ಬೂದು ಬಣ್ಣದ ಯಂತ್ರಕ್ಕೆ ನೂರಾರು ಆಟಗಳಿದ್ದವು. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದ ಹಾಗೆ ಈ ಕಟ್ಟಡದಲ್ಲಿ ಅದರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, 'ಆ ಇನ್ನೊಂದು' ಅಷ್ಟೇ.

ಇಂಥ ಸರದಾರನ ಮನೆಗೆ ಆ ಇನ್ನೊಂದರ ಪೆಟ್ಟಿಗೆ ಬಂದದ್ದು ಮಗಳ ದೆಸೆಯಿಂದ. ಚಿನಾತ್ಸುಗೆ ಬರುವ ಭಾನುವಾರ ಒಂಬತ್ತು ತುಂಬುತ್ತಿತ್ತು. ಸೋಮವಾರ ಊಟದ ಹೊತ್ತಿನಲ್ಲಿ ಅವಳು ತಟ್ಟೆಯಿಂದ ತಲೆಯೆತ್ತದೆ ಹೇಳಿದಳು:

"ಅಪ್ಪಾ, ಹುಟ್ಟಿದಹಬ್ಬಕ್ಕೆ ಯಾರನ್ನೂ ಕರೆಯೋದು ಬೇಡ."

"ಯಾಕಮ್ಮಾ? ಕಟ್ಟಡದ ತುಂಬ ನಿನ್ನ ಸ್ನೇಹಿತರೇ ಅಲ್ವಾ?"

"ಯಾರೂ ಬರಲ್ಲ. ನಾನು ಯಾರ ಮನೆಗೆ ಹೋದ್ರೂ ಬಾಗಿಲಲ್ಲೇ 'ಇವತ್ತು ಪಾಠ ಇದೆ' ಅಂತಾರೆ. ರಜಾ ದಿನಾನೂ ಪಾಠ ಇದೆ ಅಂತಾರೆ. ನಾನು ಅಂದ್ರೆ ಯಾರಿಗೂ ಇಷ್ಟ ಇಲ್ಲ."

"ಹಾಗೇನಿಲ್ಲ, ಈ ಕಟ್ಟಡದ ಮಕ್ಕಳು ಓದಿನಲ್ಲಿ ಬಹಳ ಶ್ರದ್ಧೆ," ಎಂದ ಕುರೋಗಿ.

ಹೆಂಡತಿ ಮಿಸಾವೊ ಅವನನ್ನು ಒಂದು ನೋಟ ನೋಡಿದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಆ ನೋಟದ ಅರ್ಥ ಅವನು ಬಲ್ಲ. ಮಗಳು ಮುಖ ಆ ಕಡೆ ತಿರುಗಿಸಿ ಮಲಗಿಬಿಟ್ಟಿದ್ದನ್ನು ಕಂಡು ಆ ರಾತ್ರಿ ಅವನು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ. ಮನೆಯಲ್ಲಿ ಆಡಲು ಒಳ್ಳೆಯದೇನಾದರೂ ಇದ್ದರೆ ಶಾಲೆಯ ಬೇರೆ ಮಕ್ಕಳಾದರೂ ಬಂದಾರು ಎಂಬ ಯೋಚನೆ ಬಂತು. ಬುಧವಾರ ಆಫೀಸಿನಿಂದ ನೇರವಾಗಿ, ನೆಗಡಿಯವರು ಹಾಕುವ ಮುಖಗವಸನ್ನು ಕಣ್ಣಿನವರೆಗೆ ಏರಿಸಿಕೊಂಡು, ಎರಡು ರೈಲು ಬದಲಾಯಿಸಿ, ಯಾರೂ ಗುರುತು ಹಿಡಿಯದ ಊರಿನ ಅಂಗಡಿಯಲ್ಲಿ ಆ ಇನ್ನೊಂದನ್ನು ಕೊಂಡು ತಂದ.

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ರೀ!" ಎಂದಳು ಮಿಸಾವೊ.

"ಸ್ವಲ್ಪ ಮೆತ್ತಗೆ ಮಾತಾಡೇ. ಗೋಡೆ ಕಾಗದದ ಹಾಗಿದೆ."

"ಗೊತ್ತಾದ್ರೆ ಏನ್ ಮಾಡ್ತೀರಿ?"

"ಕೆಲಸ ಹೋಗುತ್ತೆ. ಇಲ್ಲಾಂದ್ರೆ ಉತ್ತರದ ಹಿಮದಲ್ಲಿ ಯಾವುದೋ ಗೋದಾಮಿಗೆ ಹಾಕ್ತಾರೆ. ಮನೆ ಖಾಲಿ ಮಾಡ್ಬೇಕು."

"ಮತ್ತೆ ಯಾಕ್ರೀ ತಂದ್ರಿ?"

ಕುರೋಗಿ ಮಗಳು ಮಲಗಿದ್ದ ಕೋಣೆಯ ಕಡೆ ನೋಡಿದ. ಮಿಸಾವೊ ಎದ್ದು ಹೋಗಿ ಪರದೆ ಎಳೆದಳು.

ಯಂತ್ರ ಚಿಕ್ಕದು, ಅಕ್ಕಿ ಡಬ್ಬದೊಳಗೆ ಅಡಗಿ ಕೂತಿತು. ಉಳಿದದ್ದು ಪೆಟ್ಟಿಗೆ. ಶನಿವಾರವೇ ಮಿನಾಮಾರು ಸಂಜೆ. ಅದಕ್ಕೆ ಬೇಕಾದ ದೊಡ್ಡ ಟಿವಿ, ವೈರು, ಚಾಪೆ ಎಲ್ಲವೂ ಇರುವುದು ಇವರ ಮನೆಯ ಗೋಡೆಬೀರುವಿನಲ್ಲಿ. ಸಾಗಿಸಲು ನೆರೆಹೊರೆಯ ಗಂಡಸರು ಬಂದು ಬೀರು ಪೂರ್ತಿ ತೆರೆಯುತ್ತಾರೆ. ಅಷ್ಟರೊಳಗೆ ಪೆಟ್ಟಿಗೆ ಮಾಯವಾಗಬೇಕು. ಗುರುವಾರ ರಟ್ಟು ಹಾಕುವ ದಿನವೇನೋ ಹೌದು. ಆದರೆ ಕಸಕಟ್ಟೆಯ ಬಳಿ ಹಟಾನಾಕ ಅವರ ಹೆಂಡತಿ ನಿಂತಿರುತ್ತಾರೆ.

ಹಟಾನಾಕ ಎಂದರೆ ಕುರೋಗಿಯ ವಿಭಾಗದ ಮುಖ್ಯಸ್ಥರು, ಮೇಲಿನ ಮಹಡಿ. ಕಸದ ಉಸ್ತುವಾರಿ ಕಟ್ಟಡದಲ್ಲಿ ಮನೆಗೊಂದು ವಾರದಂತೆ ಸರದಿಯಲ್ಲಿ ಬರುವುದು ರೂಢಿ. ಒಂದು ವರ್ಷದಿಂದ ಈಕೆ 'ಎಲ್ಲರ ಸರದಿಯೂ ನನಗೇ ಇರಲಿ' ಎಂದು ಹೊತ್ತುಕೊಂಡುಬಿಟ್ಟಿದ್ದರು. ಪಾರದರ್ಶಕ ಚೀಲದ ಮೂಲಕ ಕಸವನ್ನು ಪಂಚಾಂಗದ ಹಾಗೆ ಓದುತ್ತಿದ್ದರು. ತೊಳೆಯದ ತೋಫು ಡಬ್ಬಿಯನ್ನು ಎರಡನೇ ಮಹಡಿಗೆ ವಾಪಸು ಕೊಟ್ಟು ಬಂದ ಧೀಮಂತೆ.

"ಚೂರು ಚೂರು ಮಾಡಿ ಹಾಕ್ರೀ," ಎಂದಳು ಮಿಸಾವೊ.

"ಜೋಡಿಸಿ ಓದ್ತಾರೆ ಆಕೆ."

"ಹಾಗಾದ್ರೆ ನೆನೆಸಿ ಸೂಪಿಗೆ ಹಾಕ್ಲಾ?"

ಕುರೋಗಿಯ ಮೆದುಳಿನಲ್ಲಿ ಮಿಂಚು ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪೆಟ್ಟಿಗೆಯನ್ನು ಬಿಸಾಡುವುದೇ ಬೇಡ, ಮರೆತುಬಿಟ್ಟರಾಯಿತು! ಶುಕ್ರವಾರ ಬೆಳಿಗ್ಗೆ ಕೈಗೆ ಸಿಕ್ಕ ಫುರೋಶಿಕಿ ಬಟ್ಟೆಯಲ್ಲಿ ಪೆಟ್ಟಿಗೆಯನ್ನು ಗಂಟು ಕಟ್ಟಿ, ರೈಲು ಹತ್ತಿ, ತಲೆಯ ಮೇಲಿನ ಹಲಗೆಯಲ್ಲಿಟ್ಟು, ನಿದ್ದೆಯ ನಟನೆ ಮಾಡಿ, ತನ್ನ ನಿಲ್ದಾಣ ಬಂದಾಗ ಬಿಟ್ಟ ಬಾಣದಂತೆ ಇಳಿದುಹೋದ. ರೈಲು ಪೆಟ್ಟಿಗೆಯ ಸಮೇತ ಯೊಕೊಹಾಮದ ಕಡೆ ಹೊರಟಿತು. ಆ ದಿನ ಕುರೋಗಿ ಆಫೀಸಿನಲ್ಲಿ ಸಿಳ್ಳೆ ಹಾಕಿದ್ದನ್ನು ಕೇಳಿದವರಿದ್ದಾರೆ.

ಇಡೀ ಯೋಜನೆಯಲ್ಲಿ ಒಂದೇ ಒಂದು ಸಣ್ಣ ದೋಷವಿತ್ತು. ಜಪಾನಿನ ರೈಲಿನಲ್ಲಿ ಏನನ್ನೂ ಕಳೆದುಕೊಳ್ಳಲು ಸಾಧ್ಯವಿಲ್ಲ. ಛತ್ರಿ ಬಿಟ್ಟರೆ ಛತ್ರಿ ಬರುತ್ತದೆ, ಹಲ್ಲಿನ ಸೆಟ್ಟು ಬಿಟ್ಟರೆ ಹಲ್ಲಿನ ಸೆಟ್ಟು ತೊಳೆದು ಬರುತ್ತದೆ. ಮೇಲಾಗಿ ಆ ಬಟ್ಟೆ ಕಂಪನಿಯ ನಲವತ್ತನೇ ವರ್ಷದ ಸಂಭ್ರಮಕ್ಕೆ ಮನೆಮನೆಗೂ ಹಂಚಿದ್ದು. 'ಮಿನಾಸೆ ಎಲೆಕ್ಟ್ರಿಕ್ ವಸತಿ, ಕಾವಾಸಾಕಿ' ಎಂದು ನಟ್ಟನಡುವೆ ನೇಯ್ದಿತ್ತು. ಇಪ್ಪತ್ನಾಲ್ಕು ಮನೆಯಲ್ಲೂ ಅದೇ ಬಟ್ಟೆ ಇರುವುದರಿಂದ ಅದಲುಬದಲಾಗಬಾರದೆಂದು ಮಿಸಾವೊ ಮೂಲೆಯಲ್ಲಿ '302' ಎಂದು ಅಳಿಯದ ಶಾಯಿಯಲ್ಲಿ ಬರೆದಿದ್ದಳು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಕರೆಗಂಟೆಯ ಸದ್ದಾಯಿತು. ಮಗಳು ಅಬಾಕಸ್ ತರಗತಿಗೆ ಹೋಗಿದ್ದಳು. ಕುರೋಗಿ ಬಾಗಿಲು ತೆಗೆದರೆ ಹಟಾನಾಕ ಅವರ ಹೆಂಡತಿ. ಕೈಯಲ್ಲಿ ಗಂಟು.

"ನಿಲ್ದಾಣದಿಂದ ಕೆಳಗೆ ಸಭೆಯ ಕೋಣೆಗೆ ಫೋನ್ ಬಂದಿತ್ತು, ಅಲ್ಲೇ ಇದ್ದ ನಾನು ಎತ್ತಿದೆ. ನಾನೇ ಹೋಗಿ ತಂದೆ," ಎಂದರು ಆಕೆ. "ಪಾಪ, ಅಲ್ಲಿಯ ಹುಡುಗ ಬಹಳ ನೊಂದುಕೊಂಡ. 'ಒಳಗಿನ ವಸ್ತು ಸಿಗಲಿಲ್ಲ, ಇಡೀ ರೈಲು ಹುಡುಕಿದೆವು, ಕ್ಷಮಿಸಿ' ಅಂತ ಮೂರು ಸಲ ಬಗ್ಗಿದ."

ಕುರೋಗಿ ಅದಕ್ಕಿಂತಲೂ ಕೆಳಗೆ ಬಗ್ಗಿದ. ಅಲ್ಲೇ ಹೊಸ್ತಿಲಲ್ಲಿ ಮಂಡಿಯೂರಿ ಹಣೆಯನ್ನು ನೆಲಕ್ಕೆ ತಾಗಿಸಿಬಿಟ್ಟ. ಹಿಂದೆ ಮಿಸಾವೊ ಕೂಡ ಮಂಡಿಯೂರಿದ ಸದ್ದು ಕೇಳಿಸಿತು. ಹಿಮ, ಗೋದಾಮು, ಸಾಮಾನು ತುಂಬಿದ ಲಾರಿ ಎಲ್ಲವೂ ಅವನ ಕಣ್ಣ ಮುಂದೆ ಹಾದುಹೋದವು.

"ತಪ್ಪಾಯ್ತು. ನಾನು ದ್ರೋಹಿ. ಶಿಕ್ಷೆ ನನಗೊಬ್ಬನಿಗೇ ಆಗಲಿ. ಹೆಂಡತಿ ಮಗಳದ್ದು ಏನೂ ತಪ್ಪಿಲ್ಲ."

ಮೇಲಿನಿಂದ ಒಂದು ದೊಡ್ಡ ನಿಟ್ಟುಸಿರು ಬಂತು. ತಲೆಯೆತ್ತಿ ನೋಡಿದರೆ ಆಕೆ ಚಪ್ಪಲಿ ಬಿಡುವ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತುಬಿಟ್ಟಿದ್ದರು.

"ಅಬ್ಬಾ! ಕೊನೆಗೂ ನೀವೂ ತಂದ್ರಲ್ಲ! ಒಂದು ವರ್ಷ, ಕುರೋಗಿ ಅವರೇ, ಒಂದು ವರ್ಷ! ಟಿವಿ ಸದ್ದು ಇಳಿಸಿ ಇಳಿಸಿ, ಪರದೆ ಎಳೆದು ಎಳೆದು, ಸಾಕಾಗಿಹೋಯ್ತು ನಮಗೆ."

"ನಿಮಗೆ... ಅಂದ್ರೆ?"

"ನಮಗೆ ಅಂದ್ರೆ ನಮಗೇ, ಇಪ್ಪತ್ಮೂರು ಮನೆಗೂ! ಮೊದಲು ತಂದದ್ದೇ ನಮ್ಮನೆಯವರು."

ಕುರೋಗಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಕಂಪನಿಗೆ ಗೊತ್ತಾಗಬಾರದು ಅಂತ ಬಚ್ಚಿಟ್ಟಿದ್ರಾ?"

"ಕಂಪನಿಗ್ಯಾಕೆ? ಅಧ್ಯಕ್ಷರ ಮೊಮ್ಮಗನ ಹತ್ರ ಎರಡಿವೆ. ನಿಮಗೆ ಗೊತ್ತಾಗಬಾರದು ಅಂತ! ತಿಂಗಳು ತಿಂಗಳು ಆ ಬದನೆಕಾಯಿ ತೋರಿಸಿ ಖುಷಿ ಪಡ್ತೀರಿ. ನಿಮ್ಮ ಮುಖ ನೋಡಿ ಯಾರಿಗೆ ಬಾಯಿ ಬರುತ್ತೆ ಹೇಳಿ? ಕಸದ ಸರದಿ ಪೂರ್ತಿ ನಾನ್ಯಾಕೆ ಹೊತ್ತುಕೊಂಡೆ ಅಂದ್ಕೊಂಡ್ರಿ? ಮಿಸಾವೊ ಸರದಿ ಬಂದ್ರೆ ರಟ್ಟುಗಳು ಕಣ್ಣಿಗೆ ಬೀಳುತ್ವೆ. ಚಳಿಯಲ್ಲಿ ನಿಂತೂ ನಿಂತೂ ನನ್ನ ಸೊಂಟ ಹೋಯ್ತು. ಪೆಟ್ಟಿಗೆಯನ್ನು ಕಿತ್ತಳೆ ಹಣ್ಣಿನ ಪೆಟ್ಟಿಗೆಯೊಳಗಿಟ್ಟು ಎರಡು ಸುತ್ತು ಹಗ್ಗ ಬಿಗಿದು ತರಬೇಕು ಅಂತ ಮನೆಮನೆಗೂ ಹೇಳಿಕೊಟ್ಟೋಳು ನಾನು."

"ಹಾಗಾದ್ರೆ ಮಕ್ಕಳ ಪಾಠ..." ಎಂದಳು ಮಿಸಾವೊ.

ಆಕೆಯ ಮುಖ ಸಣ್ಣದಾಯಿತು. "ಅದೊಂದೇ ನಮ್ಮ ಹೊಟ್ಟೆ ಉರಿಸಿದ್ದು, ತಾಯಿ. ಚಿನಾತ್ಸು ಒಳಗೆ ಬಂದ್ರೆ ನೋಡ್ತಾಳೆ, ನೋಡಿದ್ರೆ ಅಪ್ಪನಿಗೆ ಹೇಳ್ತಾಳೆ. ಬಾಗಿಲಲ್ಲಿ ಆ ಮಗು ತಲೆ ತಗ್ಗಿಸಿ ವಾಪಸು ಹೋಗೋದನ್ನು ನೋಡಿ ನಮ್ಮನೆ ಹುಡುಗಿ ಅತ್ತಿದ್ದೂ ಉಂಟು."

ಮಗಳ ಬಾಗಿಲುಗಳನ್ನೆಲ್ಲ ಮುಚ್ಚಿಸಿದ್ದು ತಾನೇ! ಕುರೋಗಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಿಸಾವೊಗೆ ಅಂಥ ಅನುಮಾನವೇನೂ ಇರಲಿಲ್ಲ, ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನೋಡುತ್ತ ನೋಡುತ್ತ ಮೂವರೂ ಹೊಸ್ತಿಲಲ್ಲೇ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಒಂದೂವರೆ ವರ್ಷದಿಂದ ಎದೆಯ ಮೇಲೆ ಕೂತಿದ್ದ ಹನ್ನೊಂದು ಕಲ್ಲುಗಳು ಒಂದೊಂದಾಗಿ ಉರುಳಿ ಹೋದ ಹಾಗೆ ಕುರೋಗಿಗೆ ಅನ್ನಿಸಿತು. ನಿಜ ಹೇಳಬೇಕೆಂದರೆ ಆ ಬದನೆಕಾಯಿಯನ್ನು ಕಂಡರೆ ಅವನಿಗೂ ಆಗುತ್ತಿರಲಿಲ್ಲ.

ಅಂದು ಸಂಜೆ ಸಭೆಯ ಕೋಣೆಯಲ್ಲಿ ಇಪ್ಪತ್ನಾಲ್ಕು ಮನೆಯವರೂ ಯಥಾಪ್ರಕಾರ ಮಂಡಿಯೂರಿ ಕೂತರು. ಕುರೋಗಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಮಾನ್ಯರೇ, ಮಿನಾಮಾರು ಸಂಜೆಯನ್ನು ಇಂದಿಗೆ ನಿಲ್ಲಿಸಲು ತೀರ್ಮಾನಿಸಿದ್ದೇನೆ. ನಿಮಗೆಲ್ಲ ಇದರಿಂದ ಬಹಳ ದುಃಖವಾಗಬಹುದು..."

ಅವನ ಮಾತು ಮುಗಿಯುವ ಮೊದಲೇ ಶುರುವಾಯಿತು ನೋಡಿ ಚಪ್ಪಾಳೆ! ಹದಿನೆಂಟು ತಿಂಗಳ ಚಪ್ಪಾಳೆಗಳನ್ನೆಲ್ಲ ಕೂಡಿದರೂ ಅಷ್ಟಾಗಲಿಕ್ಕಿಲ್ಲ. ಯಾರೋ ಜಯಕಾರವನ್ನೂ ಹಾಕಿದರು. 302ಕ್ಕೂ ಆ ಇನ್ನೊಂದು ಬಂದ ಸುದ್ದಿ ಆಗಲೇ ಮನೆಮನೆಗೂ ಮುಟ್ಟಿತ್ತು. ಮಕ್ಕಳು ಚಿನಾತ್ಸುವನ್ನು ನಡುವೆ ಹಾಕಿಕೊಂಡು 'ನಮ್ಮನೆಗೆ ಬಾ, ಇಲ್ಲ, ಮೊದಲು ನಮ್ಮನೆಗೆ' ಎಂದು ಎಳೆದಾಡುತ್ತ ಮೆಟ್ಟಿಲು ಹತ್ತಿ ಓಡಿದರು. ಅವಳು ಒಮ್ಮೆ ತಿರುಗಿ ನೋಡಿದಳು. ಆ ಮುಖ ನೋಡಿದ ಮೇಲೆ ಕುರೋಗಿಗೆ ಬೇರೇನೂ ಬೇಕಾಗಲಿಲ್ಲ.

ಹಟಾನಾಕ ಹತ್ತಿರ ಬಂದು ಅವನ ಹೆಗಲು ತಟ್ಟಿದರು. "ಕುರೋಗಿ, ಮಿನಾಮಾರು ಮಾಡೋದು ಮಾರ್ಚಿಗೆ ನಿಲ್ಲುತ್ತಪ್ಪ. ನಿನಗೆ ಹೇಗೆ ಹೇಳೋದು ಅಂತ ಮೂರು ತಿಂಗಳಿಂದ ನನಗೆ ನಿದ್ದೆ ಇಲ್ಲ. ನಿನ್ನನ್ನ ಕುಕ್ಕರ್ ವಿಭಾಗಕ್ಕೆ ಹಾಕಿಸಿದ್ದೀನಿ."

"ಕುಕ್ಕರ್‌ಗೆ ಆಟ ಬೇಕಾಗಿಲ್ಲ ತಾನೇ, ಸಾರ್?"

"ಅಕ್ಕಿ ಒಂದೇ ಸಾಕು."

ಇಬ್ಬರೂ ಸ್ನಾನ ಮುಗಿಸಿದವರ ಹಾಗೆ ಹಗುರಾಗಿ ನಿಂತರು. ಜನ ಎದ್ದು ಚಾಪೆ ಸುತ್ತತೊಡಗಿದರು. ಅಷ್ಟರಲ್ಲಿ ಹಿಂದಿನ ಮೂಲೆಯಿಂದ ಒಂದು ಸಣ್ಣ ದನಿ ಕೇಳಿಸಿತು.

"ಹಾಗಾದ್ರೆ ನನ್ನ ಮೀನು?"

ಎಲ್ಲರೂ ತಿರುಗಿದರು. ಅದು ಹಟಾನಾಕ ಅವರ ತಾಯಿ, ಎಂಬತ್ತನಾಲ್ಕರ ತೋಮೆ ಅಜ್ಜಿ. ತಿಂಗಳು ತಿಂಗಳೂ ಬಂದು ಹಿಂದೆ ಕೂರುತ್ತಿದ್ದರು, ಅಕ್ಕಿ ಬಿಸ್ಕತ್ತಿಗಾಗಿ ಬರುತ್ತಾರೆ ಎಂದೇ ಎಲ್ಲರೂ ತಿಳಿದಿದ್ದರು.

"ಯಾವ ಮೀನಮ್ಮಾ?" ಎಂದರು ಹಟಾನಾಕ.

"ಆ ಟಿವಿಯೊಳಗಿನ ಮೀನು ಕಣೋ. ಕೊನೇಲಿ ಐದು ನಿಮಿಷ ತೋರಿಸ್ತಾರಲ್ಲ, ಗಾಳ ಹಾಕೋದು. ಪ್ರತಿ ಸಲಾನೂ ಮೀನು ಬರೋದ್ರೊಳಗೆ ಮುಚ್ಚಿಬಿಡ್ತಾರೆ. ಬರೋ ತಿಂಗಳು ಬರುತ್ತೆ, ಬರೋ ತಿಂಗಳು ಬರುತ್ತೆ ಅಂತ ಕಾಯ್ತಾ ಇದ್ದೀನಿ."

ಹೌದು, ಹನ್ನೊಂದರಲ್ಲಿ ಅಂಥದ್ದೊಂದಿತ್ತು. ಪತ್ರಿಕೆಯವರು ಇಡೀ ದೇಶದಲ್ಲೇ ಇದಕ್ಕಿಂತ ನೀರಸವಾದ ಆಟವಿಲ್ಲ ಎಂದು ಬರೆದಿದ್ದರು. ಪರದೆಯ ತುಂಬ ನೀರು, ಒಂದು ದೋಣಿ, ಒಂದು ಗಾಳ. ಮೀನು ಕಚ್ಚಲು ಗಡಿಯಾರದ ಲೆಕ್ಕದಲ್ಲೇ ಮುಕ್ಕಾಲು ಗಂಟೆ ಬೇಕು. ಸಾಲದ್ದಕ್ಕೆ ಅದು ಇಬ್ಬರು ಆಡುವ ಆಟ: ಒಬ್ಬರು ಗಾಳ ಹಿಡಿಯಬೇಕು, ಇನ್ನೊಬ್ಬರು ದೋಣಿ ಅಲುಗಾಡದಂತೆ ಒಂದು ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು. ಬೆರಳು ತೆಗೆದರೆ ದೋಣಿ ಮಗುಚುತ್ತದೆ.

"ಮುಕ್ಕಾಲು ಗಂಟೆ ಯಾರು ಕಾಯ್ತಾರಮ್ಮಾ?" ಎಂದರು ಸೊಸೆ.

"ನಿನ್ನ ಮಾವ ಬೆಳಗಿನಿಂದ ಸಂಜೆವರೆಗೂ ಕಾಯ್ತಿದ್ರು. ಸಮುದ್ರ ನಿನ್ನ ಅವಸರಕ್ಕೆ ಕುಣಿಯುತ್ತಾ? ಇದು ಸರಿಯಾಗಿ ಮಾಡಿರೋ ಆಟ. ಮಾಡಿಸಿದೋನು ತಿಳಿದೋನು."

ಕೋಣೆಯಲ್ಲಿದ್ದವರೆಲ್ಲ ತಿಳಿದವನ ಕಡೆ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ, ಬಹಳ ವಿನಯದಿಂದ, ಬಾಗಿಲ ಕಡೆ ಸರಿದರು. ಹಟಾನಾಕ ದನಿ ತಗ್ಗಿಸಿದರು.

"ಕುರೋಗಿ, ಇದು ಆದೇಶ ಅಲ್ಲ. ವಿನಂತಿ."

ಆದೇಶವಾಗಿದ್ದರೆ ನೌಕರರ ಸಂಘಕ್ಕೆ ದೂರು ಕೊಡಬಹುದಿತ್ತು, ವಿನಂತಿಗೆ ಎಲ್ಲಿಯ ದೂರು? ಕುರೋಗಿ ಯಂತ್ರವನ್ನು ಮತ್ತೆ ಸಿಕ್ಕಿಸಿ, ಅಜ್ಜಿಯ ಪಕ್ಕದಲ್ಲಿ ಕೂತು, ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ಅಜ್ಜಿ ತಮ್ಮ ಹಳೆಯ ನಿಲುವಂಗಿಯ ತೋಳು ಮೇಲೇರಿಸಿ ಗಾಳ ಹಿಡಿದರು. ಮೇಲಿನಿಂದ ಇಪ್ಪತ್ಮೂರು ಮನೆಗಳ ಟಿವಿಯ ಸದ್ದು ಒಟ್ಟಿಗೆ ಕೇಳಿಸತೊಡಗಿತು, ಯಾರೂ ಈಗ ಇಳಿಸಿರಲಿಲ್ಲ. ಅದರ ನಡುವೆ ಚಿನಾತ್ಸು ಕೇಕೆ ಹಾಕಿ ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು. ಒಂದು ವರ್ಷದಿಂದ ಅವಳು ಹಾಗೆ ನಕ್ಕದ್ದನ್ನು ಅವನು ಕೇಳಿರಲಿಲ್ಲ.

ಇಪ್ಪತ್ತು ನಿಮಿಷ ಕಳೆಯಿತು. ನೀರು ನೀರಾಗಿಯೇ ಇತ್ತು. ಕುರೋಗಿಯ ಹೆಬ್ಬೆರಳು ಜೋಮು ಹಿಡಿಯಿತು.

"ಅಜ್ಜಿ, ಇನ್ನೂ ಹತ್ತು ಆಟ ಇದಾವೆ. ಬೇಕಾದ್ರೆ ಒಂದ್ಸಲ ಬದಲಾಯಿಸಿ..."

"ಮಾತಾಡ್ಬೇಡ ಕಣಪ್ಪ," ಎಂದರು ಅಜ್ಜಿ ಪರದೆಯಿಂದ ಕಣ್ಣು ಕೀಳದೆ. "ಮೀನು ಬೆದರುತ್ತೆ."

ನಲವತ್ತು ಆಫೀಸುಗಳ ಬಾಗಿಲು ಬಡಿದ ಮನುಷ್ಯ ತನ್ನ ಏಕೈಕ ಗಿರಾಕಿಯ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ದೋಣಿ ಹಿಡಿದು ಕೂತ.